ಕೊಪ್ಪರಿಗೆ ತಂಡದ ಎರಡನೇ ಗೋಲ್‌ಕೀಪರ್

ನನಗೆ ಗೊತ್ತಿರುವ ಸಂಗತಿಗಳಲ್ಲಿ ಯಾರಿಗೂ ಬೇಡವಾದದ್ದು ಯಾವುದು ಎಂದು ಯಾರಾದರೂ ಕೇಳಿದರೆ ನಾನು ಉತ್ತರಕ್ಕೆ ತಡಕಾಡಬೇಕಾಗಿಲ್ಲ. ಉರಾಲ್ ಬೆಟ್ಟಗಳ ಆಚೆಯ ಒಂದು ಸಣ್ಣ ಊರಿನ ಐಸ್ ಹಾಕಿ ತಂಡ ಹುಟ್ಟಿದ್ದು, ಬೆಳೆದದ್ದು, ಬಿದ್ದದ್ದು, ಕೊನೆಗೆ ಮಾರಾಟವಾದದ್ದು ಎಲ್ಲವೂ ನನಗೆ ಬಾಯಿಪಾಠ. ಮೈಸೂರಿನಲ್ಲಿ ಈ ವಿದ್ಯೆ ಬಲ್ಲವನು ನಾನೊಬ್ಬನೇ ಎಂದು ಎದೆ ತಟ್ಟಿ ಹೇಳಬಲ್ಲೆ. ಈವರೆಗೆ ಯಾರೂ ಪೈಪೋಟಿಗೆ ಬಂದಿಲ್ಲ. ಆ ಆಟವನ್ನು ನಾನು ಕಣ್ಣಾರೆ ಕಂಡವನಲ್ಲ. ಮಂಜುಗಡ್ಡೆ ಎಂದರೆ ನನಗೆ ಕಬ್ಬಿನಹಾಲಿನ ಅಂಗಡಿಯ ಮುಂದೆ ಗೋಣಿತಾಟು ಹೊದ್ದುಕೊಂಡು ಮಲಗಿರುವ ದಿಮ್ಮಿ, ಅಷ್ಟೆ. ಅದರ ಮೇಲೆ ಮನುಷ್ಯರು ಬೂಟು ಹಾಕಿಕೊಂಡು ಓಡಾಡುತ್ತಾರೆ, ಕೋಲು ಹಿಡಿದು ಬಡಿದಾಡುತ್ತಾರೆ, ಆ ಬಡಿದಾಟಕ್ಕೆ ಸಂಬಳವನ್ನೂ ಪಡೆಯುತ್ತಾರೆ ಎಂಬುದನ್ನು ನಾನು ದೇವರನ್ನು ನಂಬುವ ಹಾಗೆ, ನೋಡದೆಯೇ ನಂಬಿದ್ದೇನೆ.

ಇಷ್ಟು ನಿರುಪಯುಕ್ತ ಪಾಂಡಿತ್ಯ ಒಂದೇ ದಿನದಲ್ಲಿ ಬರುವುದಿಲ್ಲ. ಅದಕ್ಕೆ ಬುನಾದಿ ಬೇಕು. ನನ್ನ ಬುನಾದಿಯನ್ನು ಹಾಕಿದ್ದು ನನ್ನದೇ ಬುದ್ಧಿವಂತಿಕೆ. ಎಂಬತ್ತರ ದಶಕದ ಕೊನೆಯಲ್ಲಿ ನನ್ನ ಓರಗೆಯವರೆಲ್ಲ ಸಂಜೆ ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಾಗ ನಾನು ರಷ್ಯನ್ ಕ್ಲಾಸಿಗೆ ಸೇರಿದೆ. ಟೈಪ್‌ರೈಟರಿಗೆ ಭವಿಷ್ಯವಿಲ್ಲ, ಸೋವಿಯತ್ ಒಕ್ಕೂಟಕ್ಕೆ ಇದೆ ಎಂದು ಲೆಕ್ಕ ಹಾಕಿದವನು ನಾನು. ಮೂರು ವರ್ಷ ಕಷ್ಟಪಟ್ಟು ಓದಿದೆ. ನನ್ನ ಕೈಗೆ ಸರ್ಟಿಫಿಕೇಟು ಬಂದು ಇನ್ನೂ ಅದಕ್ಕೆ ಚೌಕಟ್ಟು ಹಾಕಿಸಿರಲಿಲ್ಲ, ಅಷ್ಟರಲ್ಲಿ ಆ ದೇಶವೇ ಇಲ್ಲವಾಯಿತು. ಮರುದಿನ ವಿಭೂತಿ ಅಂಗಡಿಯಲ್ಲಿ ಕೂತಿದ್ದ ನಮ್ಮಪ್ಪ, ಗಿರಾಕಿಗಳ ಎದುರಿಗೇ, "ಏನಪ್ಪಾ, ನೀನು ಪಾಸಾದೆ ಅಂತ ಸುದ್ದಿ ಗೊತ್ತಾಗಿ ಗಾಬರಿಬಿದ್ದು ಮುಚ್ಕೊಂಬುಟ್ರಾ?" ಎಂದರು. ಆಮೇಲೆ ಒಂದು ತಿಂಗಳು ಬನ್ನಿಮಂಟಪದ ನಮ್ಮ ಬೀದಿಯಲ್ಲಿ ಸಿಕ್ಕವರೆಲ್ಲ, ಒಂದು ಸಾವಿನ ಮನೆಗೆ ಬಂದವರಂತೆ ದನಿ ತಗ್ಗಿಸಿ, "ನಿಮ್ಮ ರಷ್ಯಾ ಹಿಂಗಾಗ್ಬಾರದಿತ್ತು ಬುಡಿ" ಎಂದು ನನಗೆ ಸಮಾಧಾನ ಹೇಳಿದರು.

ಕಡೆಗೆ ನಾನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವ ಕೆಲಸಕ್ಕೆ ಸೇರಿದೆ. ಮದುವೆಯ ಕರೆಯೋಲೆಯಿಂದ ಮಠಗಳ ಸ್ಮರಣ ಸಂಚಿಕೆಯವರೆಗೆ ಇತರರ ತಪ್ಪುಗಳನ್ನು ಹುಡುಕಿ ಕೆಂಪು ಶಾಯಿಯಲ್ಲಿ ಗುರುತು ಮಾಡುವುದು ನನ್ನ ಉದ್ಯೋಗ. ಜಗತ್ತಿನಲ್ಲಿ ಇದಕ್ಕಿಂತ ಹಿತವಾದ ಕೆಲಸ ಇನ್ನೊಂದಿಲ್ಲ. ರಷ್ಯನ್ ಮಾತ್ರ ಅಟ್ಟದ ಮೇಲಿನ ಹಿತ್ತಾಳೆ ಪಾತ್ರೆಯ ಹಾಗೆ ಕಿಲುಬು ಹಿಡಿಯುತ್ತಾ ಇತ್ತು. ಆದರೂ ಯಾರಾದರೂ ಕೇಳಿದರೆ "ರಷ್ಯನ್ ಬಲ್ಲೆ" ಎಂದು ಹೇಳಲು ಮರೆಯುತ್ತಿರಲಿಲ್ಲ. ಪರೀಕ್ಷೆ ಮಾಡುವವರು ಸುತ್ತಮುತ್ತ ಯಾರೂ ಇರಲಿಲ್ಲವಲ್ಲ, ಅದೊಂದು ಧೈರ್ಯ.

ಎರಡು ಸಾವಿರ ಇಸವಿ ದಾಟಿ ಒಂದೆರಡು ವರ್ಷಕ್ಕೆ ಆ ಧೈರ್ಯಕ್ಕೂ ಸಂಚಕಾರ ಬಂತು. ಅಷ್ಟು ಹೊತ್ತಿಗೆ ಮೈಸೂರಿಗೆ ಯೋಗ ಕಲಿಯಲು ಹೊರದೇಶದವರು ಹಿಂಡುಹಿಂಡಾಗಿ ಬರಲು ಶುರುವಾಗಿತ್ತು. ನಾವು ಬೆನ್ನು ನೋವೆಂದು ಮಾತ್ರೆ ನುಂಗುತ್ತಾ ಕೂತಿದ್ದಾಗ ಅವರು ನಮ್ಮ ಊರಿಗೆ ಬಂದು ತಲೆ ಕೆಳಗಾಗಿ ನಿಲ್ಲುತ್ತಿದ್ದರು. ಹಾಗೆ ಬಂದವರಲ್ಲಿ ಲಾರಿಸಾ ಎಂಬ ಮೂವತ್ತೈದರ ಹೆಂಗಸು ನಮ್ಮ ಪಕ್ಕದ ಮನೆಯ ಮಹಡಿಯನ್ನು ಬಾಡಿಗೆಗೆ ಹಿಡಿದಳು. ಅವಳ ಜೊತೆ ಅವಳ ಅಪ್ಪ ಗ್ರಿಗೊರಿ ಇವಾನೊವಿಚ್ ಇದ್ದರು. ಅರವತ್ತು ದಾಟಿದ ದೊಡ್ಡ ಆಳು, ಬಾಗಿಲಿನಲ್ಲಿ ನಿಂತರೆ ಬಾಗಿಲೇ ಕಾಣದು. ಎರಡು ಮಂಡಿಯೂ ಸವೆದುಹೋಗಿ, ಆಯುರ್ವೇದದ ಎಣ್ಣೆ ಚಿಕಿತ್ಸೆಗೆಂದು ಮಗಳು ಕರೆತಂದಿದ್ದಳು. ಅವರಿಗೆ ಬರುತ್ತಿದ್ದ ಕನ್ನಡ ಒಂದೇ ಪದ, "ಧನ್ಯವಾದ". ಎಣ್ಣೆ ತಿಕ್ಕುವವನಿಗೂ, ಹಾಲಿನವನಿಗೂ, ಬೊಗಳುವ ನಾಯಿಗೂ ಅದನ್ನೇ ಹೇಳುತ್ತಿದ್ದರು.

ನನ್ನ ಹೆಂಡತಿ ಗಿರಿಜಾಗೆ ಇದಕ್ಕಿಂತ ಒಳ್ಳೆಯ ಅವಕಾಶ ಬೇಕಿರಲಿಲ್ಲ. "ರಷ್ಯನ್ ಬತ್ತದೆ ರಷ್ಯನ್ ಬತ್ತದೆ ಅಂತೀರಲ್ಲ, ಹೋಗಿ ಮಾತಾಡ್ಸಿ ನೋಡಾಣ" ಎಂದು ನನ್ನನ್ನು ಹೊರಗೆ ದಬ್ಬಿದಳು. ಹತ್ತು ವರ್ಷದಿಂದ ರಷ್ಯನ್ ಆಡದ ನಾಲಿಗೆಯಲ್ಲಿ ನಾನು "ನಮಸ್ಕಾರ, ನಿಮ್ಮ ಆರೋಗ್ಯ ಹೇಗಿದೆ?" ಎಂದು ಕೇಳಿದೆ ಎಂದುಕೊಂಡೆ. ನಿಜವಾಗಿ ನಾನು ಕೇಳಿದ್ದು "ನಮಸ್ಕಾರ, ನೀವು ಎಷ್ಟಕ್ಕೆ ಸಿಗುತ್ತೀರಿ?" ಎಂದು ಆಮೇಲೆ ತಿಳಿಯಿತು. ಆದರೂ ಮುದುಕರ ಕಣ್ಣು ತುಂಬಿಬಂತು. ಮಗಳನ್ನು ಬಿಟ್ಟರೆ ಎರಡು ತಿಂಗಳಿಂದ ಅವರೊಡನೆ ಯಾರೂ ಮಾತಾಡಿರಲಿಲ್ಲ. ನನ್ನ ಹೆಸರನ್ನೂ ಅಪ್ಪನ ಹೆಸರನ್ನೂ ಕೇಳಿಕೊಂಡು, ತಮ್ಮ ದೇಶದ ಮರ್ಯಾದೆಯ ಕ್ರಮದಲ್ಲಿ ಜೋಡಿಸಿ, ಅಂದಿನಿಂದ ನನ್ನನ್ನು "ಶಿವಮೂರ್ತಿ ಚನ್ನಬಸಪ್ಪೊವಿಚ್" ಎಂದು ಕರೆಯತೊಡಗಿದರು. ಕೇಳಿ ನಮ್ಮಪ್ಪನಿಗೆ ಬಹಳ ಸಂತೋಷವಾಯಿತು. ನಾನು ರಷ್ಯನ್ ಕಲಿತದ್ದರಿಂದ ಮನೆತನಕ್ಕೆ ಆದ ಮೊದಲ ಲಾಭ ಅದು.

ಒಂದು ವಾರದ ಮೇಲೆ ಗ್ರಿಗೊರಿ ನಾಲ್ಕು ದಪ್ಪ ನೋಟುಪುಸ್ತಕಗಳನ್ನು ಎದೆಗವಚಿಕೊಂಡು ನಮ್ಮ ಮನೆಗೆ ಬಂದರು. ಅದು ಅವರ ಊರಿನ ತಂಡದ ಚರಿತ್ರೆ. ಹದಿನಾಲ್ಕು ವರ್ಷ ಅವರು ಆ ತಂಡದ ಎರಡನೇ ಗೋಲ್‌ಕೀಪರ್ ಆಗಿದ್ದರಂತೆ. ಎರಡನೇ ಗೋಲ್‌ಕೀಪರ್ ಎಂದರೆ ಮೊದಲನೆಯವನಿಗೆ ಏನಾದರೂ ಆಗಲಿ ಎಂದು ಬಯಸದೆ, ಆದರೆ ಆದೀತು ಎಂದು ಕಾಯುತ್ತಾ ಬೆಂಚಿನ ಮೇಲೆ ಕೂತಿರುವವನು. ಚರಿತ್ರೆ ಬರೆಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆಡುವವನಿಗೆ ಆಟ ಕಾಣುವುದಿಲ್ಲ. ಬೆಂಚಿಗೆ ಎಲ್ಲವೂ ಕಾಣುತ್ತದೆ. ಆಟ ಬಿಟ್ಟ ಮೇಲೆ ಅದೇ ಕ್ರೀಡಾಂಗಣದಲ್ಲಿ ಮಂಜುಗಡ್ಡೆಯನ್ನು ನುಣುಪು ಮಾಡುವ ಕೆಲಸದಲ್ಲಿ ಇಪ್ಪತ್ತು ವರ್ಷ ಇದ್ದರು.

"ಇದನ್ನು ಇಂಗ್ಲಿಷಿಗೆ ಮಾಡಿಕೊಡಿ" ಎಂದರು.

"ನಿಮ್ಮ ಭಾಷೆಯಲ್ಲೇ ಅಚ್ಚು ಹಾಕಿಸಬಹುದಲ್ಲ?"

"ನಮ್ಮ ಭಾಷೆಯಲ್ಲಿ ಇದ್ದರೆ ನಮ್ಮವರು ನಂಬುವುದಿಲ್ಲ. ಪರದೇಶದವರು ಹೇಳಬೇಕು."

ಆ ಮಾತಿಗೆ ನಾನು ಎದ್ದು ಅವರ ಕೈ ಕುಲುಕಿದೆ. ಅಷ್ಟು ದೂರದ ದೇಶದಲ್ಲೂ ಹಿತ್ತಲ ಗಿಡ ಮದ್ದಲ್ಲ ಎಂದು ತಿಳಿದು ಮನಸ್ಸಿಗೆ ನೆಮ್ಮದಿಯಾಯಿತು. ಆದರೆ ನನ್ನ ಇಂಗ್ಲಿಷು ನನ್ನ ರಷ್ಯನ್ನಿಗಿಂತಲೂ ಬಡಕಲು. ಕನ್ನಡಕ್ಕಾದರೆ ಮಾಡುತ್ತೇನೆ ಎಂದೆ. ಎಷ್ಟು ಜನ ಆ ಭಾಷೆ ಆಡುತ್ತಾರೆ ಎಂದು ಕೇಳಿದರು. ನಾಲ್ಕು ಕೋಟಿಗೆ ಮೇಲೆ ಎಂದೆ. ಮುದುಕರು ಬೆಚ್ಚಿಬಿದ್ದರು. ಆ ನಾಲ್ಕು ಕೋಟಿಯೂ ಸಾಲಾಗಿ ನಿಂತು ತಮ್ಮ ಪುಸ್ತಕ ಕೊಳ್ಳುವುದನ್ನು ಅವರು ಕಣ್ಣಲ್ಲೇ ಕಾಣುತ್ತಿದ್ದರು. ಕನ್ನಡ ಪುಸ್ತಕ ಎಷ್ಟು ಪ್ರತಿ ಹಾಕಿಸುತ್ತೇವೆ, ಅದರಲ್ಲಿ ಎಷ್ಟನ್ನು ಲೇಖಕರೇ ಹಂಚುತ್ತಾರೆ ಎಂಬುದು ಮುದ್ರಣಾಲಯದವನಾದ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಮಂಡಿನೋವಿನವರಿಗೆ ಅದನ್ನೂ ಹೇಳಿ ನೋಯಿಸಬೇಕೆ?

ಚರಿತ್ರೆ ಶುರುವಾಗುವುದು ಒಂದು ಬಾಯ್ಲರ್ ಕಾರ್ಖಾನೆಯ ಅಂಗಳದಲ್ಲಿ. ಯುದ್ಧ ಮುಗಿದ ಮೇಲೆ ಒಂದು ಚಳಿಗಾಲ ಕಾರ್ಮಿಕರು ಬೆಂಕಿ ಆರಿಸುವ ಪೈಪಿನಿಂದ ಅಂಗಳಕ್ಕೆ ನೀರು ಬಿಟ್ಟರು. ಬೆಳಗಾಗುವುದರೊಳಗೆ ಮೈದಾನ ಸಿದ್ಧ. ನಾವಿಲ್ಲಿ ಒಂದು ಆಟದ ಮೈದಾನಕ್ಕಾಗಿ ಮೂವತ್ತು ವರ್ಷ ಅರ್ಜಿ ಬರೆಯುತ್ತೇವೆ. ಬಡಗಿ ವಿಭಾಗದವರು ಕೋಲು ಮಾಡಿಕೊಟ್ಟರು, ವೆಲ್ಡಿಂಗಿನವರು ಗೋಲು ಮಾಡಿಕೊಟ್ಟರು. ಮೊಣಕಾಲಿಗೆ ಪೆಟ್ಟಾಗದಿರಲೆಂದು ಕಾಲುಚೀಲದೊಳಗೆ ಸರ್ಕಾರಿ ನಿಯತಕಾಲಿಕೆಗಳನ್ನು ಮಡಿಸಿ ಇಟ್ಟುಕೊಳ್ಳುತ್ತಿದ್ದರು. ಆ ಕಾಲದ ಬರವಣಿಗೆ ಎಂಥ ಏಟನ್ನೂ ತಡೆಯುವಷ್ಟು ದಪ್ಪವಾಗಿತ್ತು, ಯಾವ ಚೂಪೂ ಅದರೊಳಗೆ ನುಗ್ಗುತ್ತಿರಲಿಲ್ಲ ಎಂದು ಗ್ರಿಗೊರಿ ಬರೆದಿದ್ದರು. ನಾನು ತಿದ್ದುವ ಸ್ಮರಣ ಸಂಚಿಕೆಗಳ ನೆನಪಾಗಿ ನನ್ನ ಮೊಣಕಾಲು ತಾನಾಗಿಯೇ ಜುಮ್ಮೆಂದಿತು. ಬಾಯ್ಲರ್ ಕಾರ್ಖಾನೆಯ ತಂಡವಾದ್ದರಿಂದ ಅದರ ಹೆಸರು "ಕತ್ಯೋಲ್". ಅಂದರೆ ದೊಡ್ಡ ಹಂಡೆ, ಕೊಪ್ಪರಿಗೆ. ನಾನು ಹೆಮ್ಮೆಯಿಂದ "ಕೊಪ್ಪರಿಗೆ ತಂಡ" ಎಂದು ಬರೆದೆ.

ಮುಂದಿನದು ಅಷ್ಟು ಸಲೀಸಾಗಿರಲಿಲ್ಲ. ಆ ಆಟದ ಒಂದು ಪದಕ್ಕೂ ನಮ್ಮಲ್ಲಿ ಪದವಿಲ್ಲ. ಚೆಂಡಿನ ಬದಲು ಅವರು ಬಳಸುವ ಚಪ್ಪಟೆ ರಬ್ಬರಿಗೆ ಕುಂಟೆಬಿಲ್ಲೆಯಿಂದ "ಬಿಲ್ಲೆ" ಎಂದು ಎತ್ತಿಕೊಂಡೆ. ಬೂಟಿಗೆ "ಅಲಗಿನ ಬೂಟು" ಎಂದೆ. ತಪ್ಪು ಮಾಡಿದ ಆಟಗಾರನನ್ನು ಎರಡು ನಿಮಿಷ ಒಂದು ಪೆಟ್ಟಿಗೆಯಂಥ ಕಟಕಟೆಯಲ್ಲಿ ಕೂರಿಸುತ್ತಾರಂತೆ. ನಮ್ಮ ಕಾಲದ ಶಾಲೆಯಲ್ಲಿ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು, ಸಂಬಳ ಕೊಡುತ್ತಿರಲಿಲ್ಲ. ಆಫ್‌ಸೈಡ್ ಎಂಬುದನ್ನು ವಿವರಿಸಲು ಗ್ರಿಗೊರಿ ಸ್ವತಃ ಎದ್ದರು. ಅಪ್ಪನ ಅಂಗಡಿಯ ಒಂದು ವಿಭೂತಿ ಗಟ್ಟಿಯನ್ನು ಕೆಂಪು ಸಾರಣೆಯ ನೆಲದ ಮೇಲಿಟ್ಟು, ತೆಂಗಿನ ಪೊರಕೆಯ ಹಿಡಿಯಿಂದ ಜೋರಾಗಿ ಹೊಡೆದರು. ಅದು ನಡುಮನೆಯನ್ನು ದಾಟಿ, ಹೊಸ್ತಿಲು ಹಾರಿ, ಅಡುಗೆಮನೆಯಲ್ಲಿ ಗಿರಿಜಾಳ ಕಾಲಿಗೆ ಬಡಿದು ಪುಡಿಯಾಯಿತು. "ಶಿವಶಿವಾ! ಹಣೆಗಿಡೋದ್ನ ಕಾಲಿಗ್ ಹೊಡೀತಾರಲ್ರೀ ನಿಮ್ಮೋರು!" ಎಂದು ಅವಳು ಹೊರಗೆ ಬಂದಳು. ಗ್ರಿಗೊರಿ ಎರಡು ಕೈಯೆತ್ತಿ "ಗೋಲ್! ಧನ್ಯವಾದ!" ಎಂದರು. ಆಫ್‌ಸೈಡ್ ನನಗೆ ಆಗಲೂ ತಿಳಿಯಲಿಲ್ಲ. ಅನುವಾದದಲ್ಲಿ ಆ ನಾಲ್ಕು ಪುಟವನ್ನು ಸದ್ದಿಲ್ಲದೆ ಹಾರಿಸಿಬಿಟ್ಟೆ. ಇತರರ ತಪ್ಪು ಹಿಡಿಯುವವನಿಗೆ ಇಷ್ಟು ಸವಲತ್ತು ಇರಬೇಡವೆ?

ಮೂರನೇ ನೋಟುಪುಸ್ತಕ ತೊಂಬತ್ತರ ದಶಕದ್ದು. ನಾನು ಸರ್ಟಿಫಿಕೇಟು ಹಿಡಿದು ಪೆಚ್ಚಾಗಿದ್ದ ದಿನಗಳಲ್ಲೇ ಅಲ್ಲಿ ಕಾರ್ಖಾನೆಯೂ ಪೆಚ್ಚಾಗಿತ್ತು. ಬಾಯ್ಲರ್ ಕೊಳ್ಳುವವರಿಲ್ಲದೆ ಸಾರಿನ ಪಾತ್ರೆ ಮಾಡಲು ಶುರುಮಾಡಿದರು. ಆಟಗಾರರಿಗೆ ಸಂಬಳದ ಬದಲು ಅದೇ ಪಾತ್ರೆ. ಭಾನುವಾರ ಗೋಲು ಹೊಡೆದವನು ಸೋಮವಾರ ರೈಲ್ವೆ ನಿಲ್ದಾಣದಲ್ಲಿ ತಂಡದ ಅಂಗಿ ತೊಟ್ಟು ಪಾತ್ರೆ ಮಾರುತ್ತಿದ್ದ. ಮಂಜುಗಡ್ಡೆ ಮಾಡುವ ಯಂತ್ರ ಕೆಟ್ಟು, ಮತ್ತೆ ಅಂಗಳಕ್ಕೆ ನೀರು ಬಿಡುವ ಕಾಲ ಬಂತು. ಒಂದು ಸಲ ಬಸ್ಸಿಗೆ ಡೀಸೆಲ್ ಇಲ್ಲದೆ, ಇಡೀ ತಂಡ ಹೆಪ್ಪುಗಟ್ಟಿದ ನದಿಯ ಮೇಲೆಯೇ ಅಲಗಿನ ಬೂಟಿನಲ್ಲಿ ಜಾರುತ್ತಾ, ಬೆನ್ನಿಗೆ ಚೀಲ ಕಟ್ಟಿಕೊಂಡು ಪಕ್ಕದ ಊರಿನ ಪಂದ್ಯಕ್ಕೆ ಹೋಯಿತು. ಎದುರು ತಂಡ ಇನ್ನೂ ಮೈ ಬಿಸಿ ಮಾಡಿಕೊಳ್ಳುತ್ತಿತ್ತು, ಇವರ ಮೈ ಆಗಲೇ ಹಬೆಯಾಡುತ್ತಿತ್ತು. ಮೊದಲ ಇಪ್ಪತ್ತು ನಿಮಿಷ ನಾಲ್ಕು ಗೋಲು ಹೊಡೆದರು. ಉಳಿದ ನಲವತ್ತು ನಿಮಿಷ ಎದುರಾಳಿಗಳು ಐದು ಹೊಡೆದರು.

ಆಮೇಲೆ ಅನಿಲದ ವ್ಯಾಪಾರದಲ್ಲಿ ದಿಢೀರನೆ ಕುಬೇರನಾದ ಒಬ್ಬ ಮಹಾಶಯ ತಂಡವನ್ನು ಕೊಂಡ. ಕೊಪ್ಪರಿಗೆ ಎಂಬ ಹೆಸರು ಅವನಿಗೆ ನಾಚಿಕೆ ತಂದಿತು. ಅಂಗಿಯ ಮೇಲೆ ಹಲ್ಲು ಕಿರಿದ ತೋಳವನ್ನು ಬರೆಸಿ "ಹಿಮತೋಳಗಳು" ಎಂದು ಹೆಸರಿಟ್ಟ. ಹೊಳೆಯುವ ಹಾಳೆಯಲ್ಲಿ ಒಂದು ಪುಸ್ತಕವನ್ನೂ ತಂದ. ಅದರ ಪ್ರಕಾರ ತಂಡ ಹುಟ್ಟಿದ್ದೇ ಅವನು ಕೊಂಡ ವರ್ಷ. ಅದಕ್ಕೆ ಹಿಂದಿನ ಐವತ್ತು ಚಳಿಗಾಲದಲ್ಲಿ ಅಲ್ಲಿ ಹಿಮ ಮಾತ್ರ ಬಿದ್ದಿತ್ತು. ನನಗೇನೂ ಆಶ್ಚರ್ಯವಾಗಲಿಲ್ಲ. ಅದೇ ಹೊತ್ತಿನಲ್ಲಿ ಶ್ರೀರಾಂಪುರದ ಆಚೆ ಒಂದು ಕಟ್ಟೆಯನ್ನು ಮುಚ್ಚಿ, ಆ ಜಾಗಕ್ಕೆ ಸರೋವರದ ಹೆಸರಿಟ್ಟ ಬಡಾವಣೆಯ ಕರಪತ್ರವನ್ನು ನಾನು ತಿದ್ದಿದ್ದೆ. ಕಾಗುಣಿತದಲ್ಲಿ ಒಂದೂ ತಪ್ಪಿರಲಿಲ್ಲ.

"ಚರಿತ್ರೆಯನ್ನು ಅಳಿಸಿಬಿಟ್ಟರು, ಶಿವಮೂರ್ತಿ ಚನ್ನಬಸಪ್ಪೊವಿಚ್. ಸುಳ್ಳು ಬರೆದರು. ಅದಕ್ಕೇ ನಾನು ಕೂತು ಸತ್ಯ ಬರೆದೆ" ಎಂದರು ಗ್ರಿಗೊರಿ.

ನಾಲ್ಕನೇ ಪುಸ್ತಕ ಹಿಂದಕ್ಕೆ ಜಿಗಿದು, ಒಂದೇ ಒಂದು ಪಂದ್ಯಕ್ಕೆ ಮೀಸಲಾಗಿತ್ತು. ಮೂವತ್ತು ವರ್ಷದ ಹಿಂದೆ ತಂಡ ದೇಶದ ಮೇಲಿನ ದರ್ಜೆಯಲ್ಲಿ ಆಡುತ್ತಿದ್ದಾಗಿನ ಕಡೆಯ ಪಂದ್ಯ. ಸಮ ಮಾಡಿಕೊಂಡರೂ ಸಾಕು, ಮೇಲೆಯೇ ಉಳಿಯುತ್ತಾರೆ. ಸೋತರೆ ಕೆಳದರ್ಜೆಗೆ. ಮೊದಲ ಗೋಲ್‌ಕೀಪರಿಗೆ ಭುಜ ಜಾರಿತು. ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ ಅಂಥ ಪಂದ್ಯಕ್ಕೆ ಎರಡನೆಯವನು ಎದ್ದು ಹೋಗಿ ಗೋಲಿನ ಮುಂದೆ ನಿಂತ. ಎರಡಕ್ಕೆ ಎರಡು. ಕೊನೆಯ ನಿಮಿಷ. ಎದುರಾಳಿ ಒಬ್ಬನೇ ಬಿಲ್ಲೆಯನ್ನು ತಳ್ಳಿಕೊಂಡು ಬಂದು ಹೊಡೆದ. ಎರಡನೇ ಗೋಲ್‌ಕೀಪರ್ ಮಂಡಿಯೂರಿ ಅದನ್ನು ಗವಸಿನಲ್ಲಿ ಹಿಡಿದ. ಊರೇ ಎದ್ದು ಕೂಗಿತು. ನಾನು ಓದುತ್ತಾ ಕುರ್ಚಿಯಿಂದ ಎದ್ದು ನಿಂತಿದ್ದೆ. ಬರೆಯಬೇಕಾದ್ದನ್ನು ಮರೆತು ಗಿರಿಜಾಗೂ ಓದಿ ಹೇಳಿದೆ. ಅವಳೂ ಸಾರಿನ ಸೌಟು ಹಿಡಿದೇ ಕೇಳಿದಳು.

ಈ ಸಂಭ್ರಮ ಇಲವಾಲದ ಸಿದ್ದರಾಜು ಮಾಸ್ತರರಿಗೆ ಹೇಗೋ ಮುಟ್ಟಿತು. ಅವರು ನಿವೃತ್ತ ಡ್ರಿಲ್ ಮಾಸ್ತರು. ತಿಂಗಳಿಗೊಂದು ಶನಿವಾರ ಸಂಜೆ ಒಂದು ಶಾಲೆಯ ಹಾಲಿನಲ್ಲಿ ಓದುಗರ ಕೂಟ ನಡೆಸುತ್ತಿದ್ದರು. ಹರೆಯದಲ್ಲಿ ನಮ್ಮ ಹುಲ್ಲಿನ ಹಾಕಿ ಆಡಿ ಮುಂದಿನ ಎರಡು ಹಲ್ಲು ಕಳೆದುಕೊಂಡಿದ್ದವರು. "ಹಾಕಿ ಚರಿತ್ರೆನಾ? ತತ್ತಾ ಶಿವಣ್ಣ, ಓದ್ಬುಡು. ಆಟ ಆಡಿದೋರ್ನೂ ಕರ್ಕೊಂಬಾ. ಸನ್ಮಾನ ಮಾಡುಮಾ" ಎಂದರು. ಮೈಸೂರಿನಲ್ಲಿ ಶಾಲು, ಪೇಟ, ಹಣ್ಣಿನ ಬುಟ್ಟಿ ಸದಾ ಸಿದ್ಧವಾಗಿರುತ್ತವೆ. ಹೊದ್ದುಕೊಳ್ಳುವ ಹೆಗಲಿನದೇ ಕೊರತೆ.

ಆ ಶನಿವಾರ ಬೆಳಿಗ್ಗೆ ಲಾರಿಸಾ ಸೈಕಲ್ ತಳ್ಳಿಕೊಂಡು ಗೇಟಿನ ಹತ್ತಿರ ಬಂದಳು. ಅವಳಿಗೆ ಅಪ್ಪನ ಆ ಸಾಹಸವನ್ನು ನಾನು ಎಷ್ಟು ಚೆನ್ನಾಗಿ ಕನ್ನಡಕ್ಕೆ ತಂದಿದ್ದೇನೆಂದು ಕೊಚ್ಚಿಕೊಂಡೆ. ಅವಳು ಸೈಕಲ್ಲನ್ನು ಗೇಟಿಗೆ ಒರಗಿಸಿದಳು.

"ಗವಸಿನಲ್ಲಿ ಹಿಡಿದರು ಅಂತ ಬರೆದಿದ್ದಾರಾ?"

"ಹೌದಲ್ಲ!"

"ಹಿಡಿಯಲಿಲ್ಲ. ಅದು ಅಪ್ಪನ ಎರಡು ಕಾಲಿನ ನಡುವೆ ಒಳಗೆ ಹೋಯಿತು."

ನಾನು ಗೇಟು ಹಿಡಿದುಕೊಂಡೆ. ಅವಳು ಸೈಕಲ್ಲಿನ ಬೆಲ್ಲನ್ನು ಬೆರಳಲ್ಲಿ ಸವರುತ್ತಾ ನಿಧಾನವಾಗಿ ಹೇಳಿದಳು. ತಂಡ ಕೆಳಗೆ ಬಿತ್ತು, ಮತ್ತೆ ಮೇಲೇಳಲಿಲ್ಲ. ಊರಿನವರು ಅಪ್ಪನಿಗೆ "ತೆರೆದ ಬಾಗಿಲು" ಎಂದು ಹೆಸರಿಟ್ಟರು. ಬ್ರೆಡ್ಡಿನ ಸಾಲಿನಲ್ಲಿ ಅವರು ಬಂದರೆ "ಬಾಗಿಲು ಬಂತು, ಗಾಳಿ ಬರ್ತದೆ" ಎನ್ನುತ್ತಿದ್ದರು. ಶಾಲೆಯಲ್ಲಿ ಇವಳು ಬಾಗಿಲಿನ ಮಗಳು. ಅಮ್ಮ ಸಾಯುವವರೆಗೂ ಆ ಪಂದ್ಯದ ಮಾತು ಮನೆಯಲ್ಲಿ ಎತ್ತುವ ಹಾಗಿರಲಿಲ್ಲ. ಅಪ್ಪ ಮಾತ್ರ ಇಪ್ಪತ್ತು ವರ್ಷ ಅದೇ ಗೋಲಿನ ಮುಂದಿನ ಮಂಜುಗಡ್ಡೆಯನ್ನು ದಿನಕ್ಕೆರಡು ಸಲ ನುಣುಪು ಮಾಡಿದರು.

"ತಿದ್ದಬೇಡಿ" ಎಂದಳು. "ಇಲ್ಲಿ ಯಾರಿಗೂ ಗೊತ್ತಿಲ್ಲ. ಒಂದು ಭಾಷೆಯಲ್ಲಾದರೂ ಅಪ್ಪ ಅದನ್ನು ಹಿಡಿಯಲಿ."

ಜೀವಮಾನವೆಲ್ಲ ತಪ್ಪು ತಿದ್ದಿ ಅನ್ನ ತಿಂದವನಿಗೆ ಇಂಥ ಕರಡು ಎಂದೂ ಬಂದಿರಲಿಲ್ಲ. ಅಳಿಸಿದವನ ಮೇಲೆ ಅಷ್ಟು ಸಿಟ್ಟಾದ ಮನುಷ್ಯ ತಾನೇ ಅಳಿಸಿದ್ದಾನೆ ಎಂದು ಮೊದಲು ಕೋಪ ಬಂತು. ಆಮೇಲೆ ನಾನು ಹಾರಿಸಿದ ಆಫ್‌ಸೈಡಿನ ನಾಲ್ಕು ಪುಟ ನೆನಪಾಗಿ ಕೋಪ ಇಳಿಯಿತು. ಗಿರಿಜಾಗೆ ಹೇಳಿದೆ. ತಾನೂ ಕೂಟಕ್ಕೆ ಬರುತ್ತೇನೆ ಎಂದಳು. ಅದು ಅಪರೂಪ.

ಸಂಜೆ ಶಾಲೆಯ ಹಾಲಿನಲ್ಲಿ ಇಪ್ಪತ್ತೈದು ಮೂವತ್ತು ಜನ ಇದ್ದರು. ಕೊನೆಯಲ್ಲಿ ಉಪ್ಪಿಟ್ಟು ಉಂಟೆಂದು ಸಿದ್ದರಾಜು ಮಾಸ್ತರು ಮೊದಲೇ ಸುದ್ದಿ ಹಬ್ಬಿಸಿದ್ದರು. ಗ್ರಿಗೊರಿಗೆ ಮೈಸೂರು ಪೇಟ ತೊಡಿಸಿದರು. ಅದು ಅವರ ತಲೆಯ ತುದಿಯಲ್ಲಿ ಗೊಂಬೆಗಿಟ್ಟ ಹಾಗೆ ಕೂತಿತು. ನಾನು ಓದತೊಡಗಿದೆ. ಕಾಲುಚೀಲದ ನಿಯತಕಾಲಿಕೆಗಳಿಗೆ ನಕ್ಕರು. ನದಿಯ ಮೇಲಿನ ಪ್ರಯಾಣಕ್ಕೆ ಬಾಯಿ ತೆರೆದರು. ಕೊನೆಯ ನಿಮಿಷಕ್ಕೆ ಬಂದೆ. ಹಿಂದಿನ ಸಾಲಿನಲ್ಲಿ ಕೂತ ಲಾರಿಸಾಳ ಕಡೆ ನೋಡಿದೆ. ಅವಳು ಕಣ್ಣು ಮುಚ್ಚಿದ್ದಳು. "ಎರಡನೇ ಗೋಲ್‌ಕೀಪರ್ ಮಂಡಿಯೂರಿ ಬಿಲ್ಲೆಯನ್ನು ಗವಸಿನಲ್ಲಿ ಹಿಡಿದ" ಎಂದು ಬರೆದದ್ದನ್ನೇ ಓದಿದೆ. ಇಡೀ ಹಾಲ್ ಚಪ್ಪಾಳೆಯಿಂದ ತುಂಬಿತು. ಯಾರೋ ಶಿಳ್ಳೆಯನ್ನೂ ಹಾಕಿದರು.

ಗ್ರಿಗೊರಿ ನನ್ನ ಕಡೆ ಬಾಗಿ ಕೇಳಿದರು: "ಯಾವುದಕ್ಕೆ ಹೊಡೆಯುತ್ತಿದ್ದಾರೆ?"

"ನೀವು ಹಿಡಿದದ್ದಕ್ಕೆ."

ಅವರ ಮುಖ ಬಿಳಿಚಿತು. ಚಪ್ಪಾಳೆ ಇನ್ನೂ ನಿಂತಿರಲಿಲ್ಲ. ಪೇಟವನ್ನು ತೆಗೆದು ಮೇಜಿನ ಮೇಲಿಟ್ಟರು, ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

"ಹೇಳಿ ಇವರಿಗೆ. ಅದು ಒಳಗೆ ಹೋಯಿತು."

ಆ ಹಾಲಿನಲ್ಲಿ ಎರಡೂ ಭಾಷೆ ಬಲ್ಲವನು ನಾನೊಬ್ಬನೇ. ನಾನು ಏನು ಹೇಳಿದರೆ ಅದೇ ಚರಿತ್ರೆ. ಮೂರು ವರ್ಷದ ರಷ್ಯನ್ ಕ್ಲಾಸಿನಿಂದ ನನಗೆ ದಕ್ಕಿದ ಏಕೈಕ ಅಧಿಕಾರ ಅದು. ಲಾರಿಸಾ ಬೇಡವೆಂದು ತಲೆಯಾಡಿಸುತ್ತಿದ್ದಳು. ನಾನು ಗಂಟಲು ಸರಿಮಾಡಿಕೊಂಡು, "ಗ್ರಿಗೊರಿಯವರು ತಮಗೆಲ್ಲರಿಗೂ ಧನ್ಯವಾದ..." ಎಂದು ಶುರುಮಾಡಿದೆ.

"ನ್ಯೆತ್!" ಎಂದು ಮುದುಕರು ತಡೆದರು. ಅವರಿಗೆ ಬರುತ್ತಿದ್ದ ಒಂದೇ ಕನ್ನಡ ಪದವನ್ನು ನಾನು ಆರಿಸಿಕೊಂಡಿದ್ದೆ. ಭಾಷಾಂತರಕಾರನಿಗೆ ಇದಕ್ಕಿಂತ ದೊಡ್ಡ ದುರದೃಷ್ಟ ಇರಲಾರದು. "ಧನ್ಯವಾದ ನಾನು ಹೇಳಲಿಲ್ಲ. ನಾನು ಹೇಳಿದ್ದನ್ನು ಹೇಳಿ."

ಹೇಳಿದೆ. ಬಿಲ್ಲೆ ಕಾಲಿನ ನಡುವೆ ಒಳಗೆ ಹೋಯಿತು, ತಂಡ ಬಿತ್ತು, ಪುಸ್ತಕದಲ್ಲಿ ಬರೆದದ್ದು ಸುಳ್ಳು, ಇವರೇ ಆ ಎರಡನೇ ಗೋಲ್‌ಕೀಪರ್ ಎಂದು ಒಂದೇ ಉಸಿರಿಗೆ ಹೇಳಿ ಮುಗಿಸಿದೆ. ಚಪ್ಪಾಳೆ ತಟ್ಟಿದ ಕೈಗಳೆಲ್ಲ ಏನು ಮಾಡಬೇಕೆಂದು ತೋಚದೆ ಮಡಿಲಿಗೆ ಇಳಿದವು. ಅಡುಗೆಯವನು ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ಬೀಳಿಸಿದ ಸದ್ದು ಮಾತ್ರ ಕೇಳಿತು.

ಮೊದಲು ಬಾಯಿ ಬಿಟ್ಟವರು ಸಿದ್ದರಾಜು ಮಾಸ್ತರು. "ಅಲ್ಲ, ಕೋಲ್ನ ಎರಡು ಕಾಲಿನ ಮಧ್ಯಕ್ಕೆ ನೆಲಕ್ಕೆ ಒತ್ತಿ ಇಟ್ಟಿರಬೇಕಿತ್ತಲ್ವಾ? ಎಂಗೆ ಬುಟ್ರು ಕೇಳು." ಕೇಳಿದೆ. ಗ್ರಿಗೊರಿ ಅನುಮಾನದಿಂದ ಅವರನ್ನು ನೋಡಿ, ಎದುರಾಳಿ ಬಲಕ್ಕೆ ಹೊಡೆಯುವಂತೆ ನಟಿಸಿದ, ಅದಕ್ಕೆ ಕೋಲು ಬಲಕ್ಕೆ ಹೋಯಿತು ಎಂದರು. "ಅದೇ ಮತ್ತೆ! ನನ್ನ ಹಲ್ಲು ಹೋಗಿದ್ದೂ ಅಂಗೇ ಕಣಪ್ಪ!" ಎಂದು ಮಾಸ್ತರು ತುಟಿ ಎತ್ತಿ ತೋರಿಸಿದರು. ಅಲ್ಲಿಂದ ಮುಂದೆ ನನಗೆ ಉಸಿರಾಡಲು ಬಿಡುವಿರಲಿಲ್ಲ. ಮೈಸೂರಿನ ಜನಕ್ಕೆ ಗೆದ್ದವರಿಗೆ ಹೇಳುವ ಮಾತು ಬೇಗ ಮುಗಿಯುತ್ತದೆ. ಸೋತವರಿಗೆ ಬುದ್ಧಿ ಹೇಳಲು ಒಂದು ಸಂಜೆ ಸಾಲದು. ಜನ್ಮದಲ್ಲಿ ಮಂಜು ಕಾಣದವರೆಲ್ಲ ಮುಂದೆ ಬಂದು, ಮಂಡಿ ಹೇಗೆ ಮಡಿಸಬೇಕಿತ್ತು, ಎಷ್ಟು ಹೆಜ್ಜೆ ಮುಂದೆ ಬರಬೇಕಿತ್ತು ಎಂದು ಪಂಚೆ ಎತ್ತಿಕಟ್ಟಿ ತೋರಿಸಿದರು. ಬ್ಯಾಂಕಿನ ನಿವೃತ್ತ ಮ್ಯಾನೇಜರೊಬ್ಬರು ಶಾಲು ಹೊದ್ದೇ ಗೋಲ್‌ಕೀಪರಾದರು. ಗ್ರಿಗೊರಿ ಮೊದಲು ದಿಗ್ಭ್ರಮೆಗೊಂಡು, ಆಮೇಲೆ ವಾದಕ್ಕಿಳಿದು, ಕೊನೆಗೆ ಮಂಡಿನೋವು ಮರೆತು ನೆಲಕ್ಕೆ ಕೂತು ಆ ಹೊಡೆತವನ್ನು ಮೂರು ಸಲ ಆಡಿ ತೋರಿಸಿದರು. ಮೂವತ್ತು ವರ್ಷದಲ್ಲಿ ಜನ ಅವರಿಗೆ ಆ ಗೋಲನ್ನು ಎತ್ತಿ ಆಡಿದ್ದುಂಟು, ಅದರ ಬಗ್ಗೆ ಅವರೊಡನೆ ಮಾತಾಡಿದ್ದಿಲ್ಲ.

ಗದ್ದಲದ ನಡುವೆ ಹೆಂಗಸರ ಸಾಲಿನಿಂದ ಗಿರಿಜಾ ಎದ್ದಳು.

"ನಂಗೆ ಆಟ ಗೊತ್ತಿಲ್ಲ. ಒಂದೇ ಒಂದು ಕೇಳಿ ಹೇಳಿ. ಇವ್ರ ಕಡೆ ಒಟ್ಟು ಎಷ್ಟು ಜನ ಆಡ್ತಿದ್ರು?"

"ಆರು" ಎಂದೆ. ಅಷ್ಟು ನನಗೂ ಗೊತ್ತಿತ್ತು.

"ಹಂಗಾದ್ರೆ ಅದು ಇವ್ರ ಕಾಲ್ಗಂಟ ಬರೋವರ್ಗೂ ಮಿಕ್ಕಿದ್ ಐದು ಜನ ಏನ್ ಮಾಡ್ತಿದ್ರಂತೆ?"

ನಾನು ಅದನ್ನು ರಷ್ಯನ್ನಿಗೆ ತಂದೆ. ಈ ಸಲ ಒಂದು ಪದವೂ ತಪ್ಪಾಗಲಿಲ್ಲ. ನೆಲದ ಮೇಲೆ ಕೂತಿದ್ದ ಗ್ರಿಗೊರಿ ಹಾಗೆಯೇ ಗಿರಿಜಾಳನ್ನು ನೋಡಿದರು. ಇನ್ನೊಮ್ಮೆ ಹೇಳಿ ಎಂದರು. ಇನ್ನೊಮ್ಮೆ ಹೇಳಿದೆ. ಅವರು ಬಾಯಲ್ಲಿ ಸದ್ದಿಲ್ಲದೆ ಐದು ಹೆಸರು ಎಣಿಸುತ್ತಿದ್ದರು, ಬೆರಳು ಒಂದೊಂದಾಗಿ ಮಡಿಸುತ್ತಾ. ಆಮೇಲೆ ಹೊಟ್ಟೆಯ ಆಳದಿಂದ ನಗು ಬಂತು. ಪೇಟ ಮೇಜಿನಿಂದ ಉರುಳಿತು, ನಗು ನಿಲ್ಲಲಿಲ್ಲ. ಲಾರಿಸಾ ಓಡಿಬಂದು ಅಪ್ಪನ ಪಕ್ಕ ನೆಲದ ಮೇಲೆ ಕೂತು ಅವರ ಭುಜಕ್ಕೆ ಮುಖ ಒತ್ತಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ನನಗೆ ಕಾಣಲಿಲ್ಲ. ಅದನ್ನು ಅನುವಾದಿಸು ಎಂದು ಯಾರೂ ಕೇಳಲಿಲ್ಲ, ಪುಣ್ಯ.

ಮರುದಿನವೇ ಅವರು ನಾಲ್ಕನೇ ಪುಸ್ತಕದ ಆ ಹಾಳೆಯನ್ನು ಹರಿದು ಹೊಸದಾಗಿ ಬರೆದರು. ಎರಡೇ ಸಾಲು. ಬಿಲ್ಲೆ ಎರಡನೇ ಗೋಲ್‌ಕೀಪರನ ಕಾಲಿನ ನಡುವೆ ಒಳಗೆ ಹೋಯಿತು. ಮಂಜುಗಡ್ಡೆಯ ಮೇಲೆ ಆಗ ಇನ್ನೂ ಐವರಿದ್ದರು. ನಾನೂ ನಾಚಿಕೊಂಡು ಆಫ್‌ಸೈಡಿನ ನಾಲ್ಕು ಪುಟ ತಪ್ಪೊಪ್ಪಿಕೊಂಡೆ. "ಪರವಾಗಿಲ್ಲ, ಅದು ನಮ್ಮ ರೆಫರಿಗಳಿಗೂ ಅರ್ಥವಾಗಿರಲಿಲ್ಲ" ಎಂದರು. ತಿಂಗಳೊಪ್ಪತ್ತಿನಲ್ಲಿ ಅಪ್ಪ ಮಗಳು ಊರಿಗೆ ಹೊರಟರು. ಮಂಡಿನೋವು ಹಾಗೆಯೇ ಇತ್ತು. ನನ್ನ ಅನುವಾದವೂ ಹಾಗೆಯೇ ಇದೆ, ಅಚ್ಚಾಗದೆ. ನಾಲ್ಕು ಕೋಟಿ ಜನ ಕಾಯುತ್ತಿರುವರೆಂಬ ಸುದ್ದಿ ಯಾವ ಪ್ರಕಾಶಕರಿಗೂ ತಲುಪಿಲ್ಲ.

ವರ್ಷದ ಮೇಲೆ ಒಂದು ಪತ್ರ ಬಂತು. ಹಳೆಯ ಆಟಗಾರರು ಸೇರಿದ್ದಾಗ ಗ್ರಿಗೊರಿ ಆ ಎರಡು ಸಾಲನ್ನು ಓದಿದರಂತೆ. ಐವರಲ್ಲಿ ಮೂವರು ಬದುಕಿದ್ದರು, ಮೂವರೂ ಅಲ್ಲಿದ್ದರು. ಒಬ್ಬ ಎದ್ದು ಹೊರಟುಹೋದ. ಇನ್ನೊಬ್ಬ ಬಾಯಿಗೆ ಬಂದಂತೆ ಬೈದ. ಮೂರನೆಯವನು ಮಾರನೆಯ ದಿನ ಉಪ್ಪಿನಕಾಯಿ ಜಾಡಿಯೊಂದನ್ನು ಹಿಡಿದು ಇವರ ಮನೆಗೆ ಬಂದು, ಬಾಗಿಲಲ್ಲೇ ನಿಂತು, "ನಾನು ಆಗ ಮೈದಾನದ ಬೇಲಿಯ ಹತ್ತಿರ ನಿಂತು ಗವಸಿನ ದಾರ ಕಟ್ಟಿಕೊಳ್ಳುತ್ತಿದ್ದೆ, ಗ್ರಿಷಾ" ಎಂದು ಹಳೆಯ ಸಲುಗೆಯ ಹೆಸರಿನಿಂದ ಕರೆದು ಹೇಳಿದನಂತೆ. ಪತ್ರದ ಕೊನೆಯಲ್ಲಿ ಹೀಗಿತ್ತು: "ನಿಮ್ಮ ಹೆಂಡತಿಗೆ ಹೇಳಿ, ಈಗ ನಾವು ಇಬ್ಬರಾದೆವು."

ಗಿರಿಜಾ ಅವರೆಕಾಯಿ ಸುಲಿಯುತ್ತಿದ್ದಳು. ಓದಿ ಹೇಳಿದೆ. ಕೈ ನಿಲ್ಲಿಸದೆ ಕೇಳಿಸಿಕೊಂಡು, "ಸರಿ ಬುಡಿ, ಇಬ್ರಿದ್ರೆ ಸಾಕಲ್ಲ, ಚೌಕಾಬಾರ ಆಡ್ಬೋದು ಅಂತ ಬರೀರಿ" ಎಂದಳು.

ಬರೆದೆ. ಚೌಕಾಬಾರ ಎಂದರೇನೆಂದು ವಿವರಿಸಲು ಮೂರು ಪುಟ ಹಿಡಿಯಿತು.